ಗಡಗಡಿಗೆ 400, ಅದನ್ನು ಮುಟ್ಟಲು 4,000

ಉಣಕಲ್ಲಿನ ನಮ್ಮ ಬಡಾವಣೆಯ ಧ್ವಜಕಂಬದ ದುರಸ್ತಿಗೆ ಆದ ಖರ್ಚಿನ ಚೀಟಿ ನನ್ನ ಮುಂದಿದೆ. ತುದಿಯ ಗಡಗಡಿ 400 ರೂಪಾಯಿ. ಹಗ್ಗ 900. ಪಿನ್ನು, ಬೋಲ್ಟು, ಕೊಂಡಿ ಸೇರಿ 350. ಏಣಿಗಾಡಿಯ ಬಾಡಿಗೆ ಮತ್ತು ಇಬ್ಬರ ಕೂಲಿ 4,000. ಒಟ್ಟು 5,650. ಹಳೆಯ ವಸ್ತುಗಳನ್ನು ಇಟ್ಟುಕೊಂಡು ಬಾಳುವವರು ಈ ನಾಲ್ಕು ಸಾಲುಗಳನ್ನು ಎರಡು ಸಲ ಓದಬೇಕು. ಸವೆಯುವ ಭಾಗ ಅಗ್ಗ, ಆ ಭಾಗದ ತನಕ ಹೋಗುವುದು ದುಬಾರಿ. ದುರಸ್ತಿಯ ಲೆಕ್ಕವನ್ನು ಇಲ್ಲಿಂದಲೇ ಶುರು ಮಾಡಬೇಕು.

ಕಂಬ 30 ಅಡಿಯ ಜಿಐ ಪೈಪಿನದು. ಸ್ವಾತಂತ್ರ್ಯ ದಿನಕ್ಕೆ ಮುಂಚೆ ಹಗ್ಗ ಎಳೆದು ನೋಡುವಾಗ ಅದು ಮುಕ್ಕಾಲು ಹಾದಿಯಲ್ಲಿ ಸಿಕ್ಕಿಕೊಂಡಿತು. ಹಿಂದೆಯೂ ಹಗ್ಗ ಬದಲಿಸಿದ್ದೆವು. ಹೊಸದೂ ಅದೇ ಜಾಗದಲ್ಲಿ ಎಳೆ ಬಿಟ್ಟಿತ್ತು. ನೋಡಲು ಬಂದ ಗುತ್ತಿಗೆದಾರರೊಬ್ಬರು ಕಂಬವನ್ನೇ ಕಿತ್ತು ಹೊಸದು ನಿಲ್ಲಿಸಿ ಎಂದು 65,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ವಂತಿಗೆ ಎತ್ತುವ ಮಾತು ಶುರುವಾದಾಗ ತಡೆದವರು ನೌಕಾಪಡೆಯಿಂದ ನಿವೃತ್ತರಾದ ನಮ್ಮ ಓಣಿಯ ಹಿರಿಯರು. “ಮೊದಲ ಹಗ್ಗ ಕೈಯಾಗ ಕೊಡ್ರಿ, ಅದ ಎಲ್ಲಾ ಹೇಳತೈತಿ” ಅಂದರು.

ಹಗ್ಗ ನಿಜಕ್ಕೂ ಎಲ್ಲ ಹೇಳಿತು. ಉದ್ದಕ್ಕೂ ಒರಟಾಗಿದ್ದರೆ ಹಗ್ಗ ಹಾಯುವ ದಾರಿಯಲ್ಲಿ ಎಲ್ಲೋ ಚೂಪಾದ ಅಂಚಿದೆ ಎಂದರ್ಥ. ಒಂದೇ ಕಡೆ, ಅದೂ ಧ್ವಜ ಪೂರ್ತಿ ಏರಿದಾಗ ಗಡಗಡಿಯ ಮೇಲೆ ಕೂರುವ ಗೇಣುದ್ದದಲ್ಲಿ ಸವೆದಿದ್ದರೆ, ಗಾಳಿಗೆ ಹಗ್ಗ ಅಲ್ಲೇ ಹಿಂದೆ ಮುಂದೆ ಉಜ್ಜುತ್ತಿದೆ, ಗಡಗಡಿ ತಿರುಗುತ್ತಿಲ್ಲ. ಕಂದು ಕಲೆ ಇದ್ದರೆ ಒಳಗಿನ ಕಬ್ಬಿಣದ ಪಿನ್ನು ತುಕ್ಕು ಹಿಡಿದಿದೆ. ನಮ್ಮದರಲ್ಲಿ ಕೊನೆಯ ಎರಡೂ ಗುರುತು ಇದ್ದವು. ಬಿಚ್ಚಿ ಇಳಿಸಿದಾಗ ಕಣ್ಣಾರೆ ಕಂಡೆವು: ಬಿಸಿಲಿಗೆ ಪೆಡಸಾದ ಪ್ಲಾಸ್ಟಿಕ್ ಗಾಲಿಯ ಕಾಲುವೆ ಒಂದೇ ಮಗ್ಗುಲಿಗೆ ಕೊರೆದುಹೋಗಿತ್ತು, ದುಂಡಗಿರಬೇಕಾದ ಪಿನ್ನು ಒಂದು ಬದಿ ಚಪ್ಪಟೆಯಾಗಿತ್ತು. ಗಾಲಿ ವಾಲಿ, ಪಕ್ಕದ ತಗಡಿಗೂ ಅದಕ್ಕೂ ನಡುವೆ ಸಂದು ಬಿದ್ದು, ಹಗ್ಗ ಆ ಸಂದಿನೊಳಗೆ ಇಳಿದು ಕಚ್ಚಿಕೊಂಡಿತ್ತು. ಕಂಬದಲ್ಲಿ ಯಾವ ದೋಷವೂ ಇರಲಿಲ್ಲ.

ಹಿರಿಯರಿಗೆ ಇದು ಹಾಯಿದೋಣಿಯ ವಿದ್ಯೆ. ಹಾಯಿ ಏರಿಸುವ ಹಗ್ಗವೂ ಪಟಸ್ತಂಭದ ತುದಿಯ ಇಂಥದೇ ಗಾಲಿಯ ಮೇಲೆ ಹಾಯುತ್ತದೆ, ಅಲ್ಲೂ ಮೊದಲು ಸವೆಯುವುದು ಗಾಲಿ, ಪಿನ್ನು ಮತ್ತು ಹಗ್ಗದ ಅದೇ ಒಂದು ಗೇಣು. ಗೋವಾದಲ್ಲಿ ಕಟ್ಟಿದ ಐಎನ್‌ಎಸ್‌ವಿ ತಾರಿಣಿಯಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದರಲ್ಲ, ಅಂಥ ಯಾನದಲ್ಲಿ ನಡುಗಡಲಲ್ಲಿ ಅಂಗಡಿ ಇರುವುದಿಲ್ಲ. ಹಾಗಾಗಿ ನಾವಿಕರು ತುಂಡಾಗುವ ತನಕ ಕಾಯುವುದಿಲ್ಲ. ಸವೆತ ಕಂಡ ಕೂಡಲೇ ಹಗ್ಗದ ತುದಿ ಬುಡ ಅದಲು ಬದಲು ಮಾಡುತ್ತಾರೆ. ಉಜ್ಜುವ ಜಾಗ ಬದಲಾಗಿ ಅದೇ ಹಗ್ಗ ಇನ್ನಷ್ಟು ಕಾಲ ಬಾಳುತ್ತದೆ. ಹೊಸ ಹಗ್ಗ ಹಾಕುವಾಗಲೂ ಹಳೆಯದನ್ನು ಎಳೆದು ಬಿಸಾಕುವುದಿಲ್ಲ. ಎರಡರ ತುದಿಗಳನ್ನು ಎದುರುಬದುರು ಇಟ್ಟು, ಗಂಟು ಹಾಕದೆ, ಗಟ್ಟಿ ದಾರದಿಂದ ಹೊಲಿದು, ಹಳೆಯದನ್ನು ಎಳೆದರೆ ಹೊಸದು ತಾನೇ ಗಾಲಿ ದಾಟಿ ಬರುತ್ತದೆ. ಯಾರೂ ಮೇಲೆ ಹತ್ತಬೇಕಾಗಿಲ್ಲ. ನಾಲ್ಕು ಸಾವಿರ ಉಳಿಸುವುದು ಸೂಜಿ ದಾರದ ಕೆಲಸ.

ನಮ್ಮೂರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ತೂಕವಿದೆ. ಉಣಕಲ್ಲಿನ ಹತ್ತಿರದ ಬೆಂಗೇರಿಯಲ್ಲೇ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. 1957ರಲ್ಲಿ ಹುಟ್ಟಿದ ಈ ಸಂಘ ಬಿಐಎಸ್ ಮಾನ್ಯತೆಯ ಖಾದಿ ರಾಷ್ಟ್ರಧ್ವಜ ತಯಾರಿಸುತ್ತದೆ. ಧ್ವಜದ ಮೈಗೆ ಒಂದು ಬಗೆಯ ಬಟ್ಟೆ, ಹಗ್ಗ ಹಾಯುವ ಪಟ್ಟಿಗೆ ಅದಕ್ಕಿಂತ ದಪ್ಪನೆಯ ಬೇರೆ ಬಟ್ಟೆ: ಎಳೆತ ಎಲ್ಲಿ ಬೀಳುತ್ತದೆಂದು ನೇಯುವವರಿಗೂ ಹೊಲಿಯುವವರಿಗೂ ಗೊತ್ತು. ಅಂಥ ಶ್ರಮದ ಬಟ್ಟೆ ತಿರುಗದ ಗಡಗಡಿಗೆ ಸಿಕ್ಕಿ ಹರಿಯಬಾರದು. ಹರಿದ ಧ್ವಜವನ್ನು ಹಾರಿಸಲು ಧ್ವಜ ಸಂಹಿತೆಯೂ ಒಪ್ಪುವುದಿಲ್ಲ. 2022ರ ಜುಲೈ ತಿದ್ದುಪಡಿಯ ನಂತರ ಜನಸಾಮಾನ್ಯರು ಹಗಲೂ ರಾತ್ರಿ ಧ್ವಜ ಹಾರಿಸಬಹುದು. ಹಕ್ಕು ದೊಡ್ಡದು, ಆದರೆ ಸವೆತದ ಗಂಟೆಗಳೂ ಹೆಚ್ಚಾದವು. ಉಣಕಲ್ ಕೆರೆಯ ಮೇಲಿಂದ ಆಷಾಢದ ಗಾಳಿ ಬೀಸಿದರೆ ಹಗ್ಗ ರಾತ್ರಿಯಿಡೀ ಪೈಪಿಗೆ ಬಡಿಯುತ್ತದೆ. ಆ ಸದ್ದು ಕೇಳಿದಾಗಲೇ ಹಗ್ಗ ಬಿಗಿದು ಕಟ್ಟಬೇಕು.

ಈಗ ಹಣದ ಮಾತು. ಇಂಥ ದುರಸ್ತಿ ಮೂರು ವರ್ಷಕ್ಕೊಮ್ಮೆ ಬಂದರೆ ವರ್ಷಕ್ಕೆ 1,900 ರೂಪಾಯಿಯಷ್ಟು. 65,000ದ ಹೊಸ ಕಂಬ 20 ವರ್ಷ ಬಾಳಿದರೂ ವರ್ಷಕ್ಕೆ 3,250. ಮೇಲಾಗಿ ಹೊಸ ಕಂಬದ ತುದಿಯಲ್ಲೂ ಸವೆಯುವ ಗಡಗಡಿಯೇ ಇರುತ್ತದೆ. ಆದರೆ ಬುಡ ಗಟ್ಟಿಯಿದ್ದರಷ್ಟೇ ಈ ಲೆಕ್ಕ ನಿಲ್ಲುತ್ತದೆ. ನೆಲಕ್ಕೆ ತಾಗುವ ಕಡೆ ಸುತ್ತಿಗೆಯಿಂದ ತಟ್ಟಿ ನೋಡಿ. ತುಕ್ಕಿನ ಹಕ್ಕಳೆ ಉದುರಿ ಪೈಪು ತಗ್ಗಿದರೆ ತುದಿಗೆ ಒಂದು ರೂಪಾಯಿಯೂ ಹಾಕಬೇಡಿ. ಅಂಥ ಕಂಬ ಮಕ್ಕಳು ಸಾಲಾಗಿ ನಿಲ್ಲುವ ಜಾಗದಲ್ಲಿ ಇರಲೇಬಾರದು.

ಏಣಿಗಾಡಿ ಬಂದ ದಿನ ಕೆಟ್ಟದ್ದನ್ನಷ್ಟೇ ಬದಲಿಸಿ ಇಳಿಯುವುದು ಉಳಿತಾಯವಲ್ಲ. ಪಿನ್ನು ಇನ್ನೊಂದು ವರ್ಷ ಬಂದೀತು ಎಂದು 50 ರೂಪಾಯಿ ಉಳಿಸಿದರೆ ಮುಂದಿನ ಸಲ 4,000 ತೆರಬೇಕು. ಅದಕ್ಕೇ ಗಾಲಿ, ಪಿನ್ನು, ಬೋಲ್ಟು ಎಲ್ಲವನ್ನೂ ಒಮ್ಮೆಗೇ ಹೊಸದು ಹಾಕಿಸಿದೆವು. ಬೋರ್‌ವೆಲ್ ಮೋಟರು ಮೇಲೆತ್ತಿಸುವ ಮನೆಯವರಿಗೂ ನಾನು ಇದನ್ನೇ ಹೇಳುವುದು. ಪೈಪು ಹೊರಗೆ ಬಂದ ದಿನವೇ ಕೇಬಲ್ಲಿನ ಜೋಡಣೆ, ವಾಲ್ವು, ಹಗ್ಗ ನೋಡಿಸಿಬಿಡಿ.

ಉಳಿದದ್ದು ಹಣ ಎಲ್ಲಿಂದ ಎನ್ನುವುದು. 30 ಮನೆಗಳು ತಿಂಗಳಿಗೆ 20 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 7,200. ದುರಸ್ತಿಗೆ 1,900, ಮುಂದೆಂದೋ ಬೇಕಾಗುವ ಕಂಬಕ್ಕೆ 3,250 ತೆಗೆದಿಟ್ಟರೂ ಹೊಸ ಧ್ವಜಕ್ಕೆಂದು 2,000ದಷ್ಟು ಮಿಗುತ್ತದೆ. ಕಂಬದ ಪಾಲನ್ನು ಬಡಾವಣೆಯ ಸಂಘದ ಹೆಸರಿನ ಆರ್‌ಡಿಯಲ್ಲಿ ಹಾಕಿ, ಗಣೇಶೋತ್ಸವದ ಲೆಕ್ಕಕ್ಕೆ ಬೆರೆಸಬೇಡಿ. ಜವಾಬ್ದಾರಿ ಒಬ್ಬರ ಹೆಸರಿಗೆ ಬರೆದಿಡಿ, ಹಗ್ಗ ನೋಡುವ ದಿನ ಜುಲೈ ಮೊದಲ ಭಾನುವಾರವೆಂದು ಗೊತ್ತುಮಾಡಿ. ಆಗ ಗಡಗಡಿ ಕೆಟ್ಟಿದ್ದರೂ ಆಗಸ್ಟ್ 15ಕ್ಕೆ ಮುಂಚೆ ಸರಿಪಡಿಸಲು ಕೈಯಲ್ಲಿ ಸಮಯವೂ ಇರುತ್ತದೆ, ಹಣವೂ ಇರುತ್ತದೆ.