ಮನೆಮಂದಿಯೆಲ್ಲ ಎದುರು ಕೂತಾಗ: ಫ್ಯಾಮಿಲಿ ಥೆರಪಿ ಕಲಿಯುವವರಿಗೆ 12 ಸೂತ್ರಗಳು

ಎಂ.ಎಸ್.ಡಬ್ಲ್ಯು. ಮುಗಿಸುತ್ತಿದ್ದೀರಿ, ಇಲ್ಲವೇ ಕ್ಲಿನಿಕಲ್ ಸೈಕಾಲಜಿ ಓದುತ್ತಿದ್ದೀರಿ. ಪೋಸ್ಟಿಂಗ್ ಶುರುವಾಗಿದೆ. ಬಾಗಿಲು ತೆರೆದು ನಾಲ್ವರು ಒಟ್ಟಿಗೆ ಒಳಗೆ ಬರುತ್ತಾರೆ. ಅಮ್ಮ ಕೂರುವ ಮೊದಲೇ ಮಾತು ಶುರು ಮಾಡುತ್ತಾರೆ. ಅಪ್ಪ ಫೋನ್ ನೋಡುತ್ತಾರೆ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಸೆಕೆಂಡ್ ಪಿಯುಸಿ ಹುಡುಗ ಕಾಲೇಜಿಗೆ ಹೋಗದೆ ಮೂರು ತಿಂಗಳಾಗಿದೆ. ಅವನು ನೆಲ ನೋಡುತ್ತಾನೆ. ನಿಮ್ಮ ನೋಟ್ಸ್‌ನಲ್ಲಿ ಏಳು ಮಾಡೆಲ್‌ಗಳಿವೆ. ಬಾಯಿಗೆ ಮಾತ್ರ ಒಂದು ಪ್ರಶ್ನೆಯೂ ಬರುತ್ತಿಲ್ಲ.

ಗಾಬರಿ ಬೇಡ. "ನನ್ನಿಂದ ಆಗಲ್ಲ" ಅನ್ನುವುದು ಒಂದು ಕೆಟ್ಟ ಅಭ್ಯಾಸ, ಅಷ್ಟೆ. ಮಾಡೆಲ್‌ಗಳನ್ನು ಉರು ಹೊಡೆಯುವುದು ನಿಲ್ಲಿಸಿ. ಪ್ರತಿ ಮಾಡೆಲ್ ಯಾವ ಪ್ರಶ್ನೆ ಕೇಳಿಸುತ್ತದೆ, ಯಾವ ಕೆಲಸ ಮಾಡಿಸುತ್ತದೆ ಎಂದು ಕಲಿಯಿರಿ. ಮೇಲಿನ ಕುಟುಂಬ ಕಲ್ಪಿತ. ಕೊನೆಯವರೆಗೂ ಅದನ್ನೇ ಕೇಸ್ ಆಗಿ ಇಟ್ಟುಕೊಳ್ಳೋಣ.

1. ತಪ್ಪು ಯಾರದ್ದು ಎಂದು ಹುಡುಕಬೇಡಿ, ಸುತ್ತು ಎಲ್ಲಿದೆ ನೋಡಿ.

ಅಮ್ಮ ಬೈಯುತ್ತಾರೆ, ಮಗ ಬಾಗಿಲು ಹಾಕಿಕೊಳ್ಳುತ್ತಾನೆ. ಬಾಗಿಲು ಹಾಕಿದ್ದಕ್ಕೆ ಅಮ್ಮ ಇನ್ನಷ್ಟು ಬೈಯುತ್ತಾರೆ, ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಕುಟುಂಬವನ್ನು ಹೀಗೆ ಒಂದು ಸಿಸ್ಟಮ್ ಆಗಿ ನೋಡುವುದನ್ನು ಕಲಿಸಿದವರು ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಗ್ರೆಗರಿ ಬೇಟ್ಸನ್, ಡಾನ್ ಜ್ಯಾಕ್ಸನ್ ಮತ್ತು ಅವರ ಜೊತೆಗಾರರು. ಅವರ 1956ರ 'ಡಬಲ್ ಬೈಂಡ್' ಲೇಖನ ಸ್ಕಿಜೋಫ್ರೇನಿಯಾಕ್ಕೆ ಮನೆಯ ಮಾತುಕತೆಯಲ್ಲಿ ಕಾರಣ ಹುಡುಕಿತು. ಆ ಕಾರಣ ನಿಲ್ಲಲಿಲ್ಲ. ಆ ಕಾಲದ ಥಿಯರಿಗಳಿಂದ ಎಷ್ಟೋ ತಾಯಂದಿರು ಸುಮ್ಮಸುಮ್ಮನೆ ಅಪವಾದ ಹೊತ್ತರು. ಸುತ್ತನ್ನು ನೋಡುವ ಕಣ್ಣನ್ನು ಮಾತ್ರ ಅವರಿಂದ ತೆಗೆದುಕೊಳ್ಳಿ, ಆರೋಪವನ್ನು ಅಲ್ಲೇ ಬಿಡಿ.

2. ಮೊದಲ ಸೆಷನ್‌ನಲ್ಲೇ ಜೀನೋಗ್ರಾಮ್ ಬರೆಯಿರಿ.

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೀಟು, ಕೇಸ್ ಆಗಿ ಬಂದವರಿಗೆ ಜೋಡಿಗೆರೆ. ಮೂರು ತಲೆಮಾರು ಬರಲೇಬೇಕು. ಚಿತ್ರ ಬರೆದು ಕೈತೊಳೆದುಕೊಳ್ಳಬೇಡಿ, ಗೆರೆಗಳ ಮೇಲೆ ಪ್ರಶ್ನೆ ಕೇಳಿ. ಆಸ್ತಿ ಪಾಲಾದ ಮೇಲೆ ಯಾರು ಯಾರ ಮನೆ ಮೆಟ್ಟಿಲು ಹತ್ತುತ್ತಿಲ್ಲ? ಓದು ಅರ್ಧಕ್ಕೆ ನಿಲ್ಲಿಸಿದವರು ಈ ಮನೆಯಲ್ಲಿ ಇವನೇ ಮೊದಲಾ? ನಮ್ಮ ಕೇಸಿನಲ್ಲಿ ಅಪ್ಪ ಫೋನ್ ಕೆಳಗಿಟ್ಟು, ತಾನೂ ಪಿಯುಸಿ ಫೇಲಾಗಿ ಊರು ಬಿಟ್ಟು ಬಂದವನು ಎಂದು ಹೇಳುವುದು ಇಲ್ಲೇ. ಹೆಂಡತಿಗೂ ಅದು ಹೊಸ ಸುದ್ದಿ.

ಈ ತಲೆಮಾರಿನ ಲೆಕ್ಕ ಕೊಟ್ಟವರು ಮರ್ರೆ ಬೊವೆನ್. 1954ರಿಂದ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ರೋಗಿಯ ಜೊತೆ ಮನೆಯವರನ್ನೂ ವಾರ್ಡಿನಲ್ಲಿ ಇರಿಸಿಕೊಂಡು ಅಧ್ಯಯನ ಮಾಡಿದವರು. ಅವರ ಎರಡು ಐಡಿಯಾ ಗಟ್ಟಿಯಾಗಿ ಹಿಡಿಯಿರಿ. ಒಂದು, ಟ್ರಯಾಂಗಲ್: ಇಬ್ಬರ ನಡುವಿನ ಟೆನ್ಶನ್ ಮೂರನೆಯವರನ್ನು ಎಳೆದುಕೊಳ್ಳುತ್ತದೆ. ಗಂಡ ಹೆಂಡತಿ ನೇರವಾಗಿ ಆಡಬೇಕಾದ ಜಗಳ ಮಗನ ಅಟೆಂಡೆನ್ಸ್ ಮೇಲೆ ನಡೆಯುತ್ತದೆ. ಇನ್ನೊಂದು, ಡಿಫರೆನ್ಷಿಯೇಷನ್: ಮನೆಯವರ ಜೊತೆ ಇದ್ದುಕೊಂಡೇ ತನ್ನ ತಲೆಯನ್ನು ತನ್ನ ಹತ್ತಿರ ಇಟ್ಟುಕೊಳ್ಳುವುದು. 1967ರಲ್ಲಿ ಬೊವೆನ್ ಸಹೋದ್ಯೋಗಿಗಳ ಮುಂದೆ ತಮ್ಮದೇ ಕುಟುಂಬದ ಕೇಸ್ ಮಂಡಿಸಿದ್ದರು. ನೀವೂ ನಿಮ್ಮ ಜೀನೋಗ್ರಾಮ್ ಮೊದಲು ಬರೆಯಿರಿ. ನಿಮ್ಮ ಮನೆಯ ಟ್ರಯಾಂಗಲ್ ಕಾಣದಿದ್ದರೆ ಬೇರೆಯವರ ಮನೆಯದ್ದರಲ್ಲಿ ನೀವೇ ಮೂರನೆಯವರಾಗುತ್ತೀರಿ.

3. ಬದಲಾವಣೆ ಆಮೇಲೆ, ಒಳಗೆ ಸೇರಿಕೊಳ್ಳುವುದು ಮೊದಲು.

ಅಜ್ಜಿಯನ್ನು ಮಾತಾಡಿಸಿ. "ಬಸ್ಸಿನಲ್ಲಿ ಸೀಟು ಸಿಕ್ತಾ ಅಜ್ಜಿ?" ಸಾಕು. ಸ್ಟ್ರಕ್ಚರಲ್ ಥೆರಪಿಯ ಸಾಲ್ವಡೋರ್ ಮಿನುಚಿನ್ ಇದಕ್ಕೆ ಜಾಯಿನಿಂಗ್ ಅಂದರು. ಹಿರಿಯರನ್ನು ದಾಟಿಕೊಂಡು ಹುಡುಗನಿಗೆ ಪ್ರಶ್ನೆ ಹಾಕಿದರೆ ಮುಂದಿನ ವಾರ ಈ ಕುಟುಂಬ ಬರುವುದಿಲ್ಲ.

4. ಕುರ್ಚಿ ಬದಲಿಸಿ.

ಯಾರು ಯಾರ ಪಕ್ಕ ಕೂತರು, ಗಮನಿಸಿ. ಅಜ್ಜಿ ಮತ್ತು ಮೊಮ್ಮಗ ಒಂದೇ ಸೋಫಾದಲ್ಲಿದ್ದಾರೆ. ಅಪ್ಪ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದಾರೆ. ಮಧ್ಯೆ ಅಮ್ಮ, ಎಲ್ಲರ ಪರವಾಗಿ ಅವರೇ ಉತ್ತರ ಕೊಡುತ್ತಿದ್ದಾರೆ. ಅಪ್ಪನನ್ನು ಅಮ್ಮನ ಎದುರು ಕೂರಿಸಿ. "ನಾಳೆ ಬೆಳಿಗ್ಗೆ ಇವನನ್ನು ಎಬ್ಬಿಸುವವರು ಯಾರು? ನೀವಿಬ್ಬರೂ ಈಗಲೇ ಮಾತಾಡಿ ತೀರ್ಮಾನ ಮಾಡಿ, ನನಗೆ ಹೇಳಬೇಡಿ" ಎನ್ನಿ. ಅಜ್ಜಿ ಬಾಯಿ ಹಾಕುತ್ತಾರೆ. "ಅಜ್ಜಿ, ನಾವಿಬ್ಬರೂ ಐದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳೋಣವಾ?" ಎಂದು ಅವರನ್ನು ನಿಮ್ಮ ಪಕ್ಕಕ್ಕೆ ಕರೆದುಕೊಳ್ಳಿ. ಹುಡುಗ ನಡುವೆ ಬಂದರೂ ಕೈಸನ್ನೆಯಲ್ಲಿ ತಡೆಯಿರಿ. ಎರಡು ನಿಮಿಷದಲ್ಲಿ ಗಂಡ ಹೆಂಡತಿ ಇಬ್ಬರೂ ನಿಮ್ಮ ಕಡೆ ತಿರುಗಿ ದೂರು ಹೇಳಲು ನೋಡುತ್ತಾರೆ. ಆಗ ನಿಮ್ಮ ಪುಸ್ತಕದ ಕಡೆ ಕಣ್ಣು ಹಾಕಿ, ಅವರೇ ಮುಂದುವರಿಸಲಿ. ಇದೇ ಎನಾಕ್ಟ್‌ಮೆಂಟ್. ಜಗಳದ ವರದಿ ಕೇಳುವ ಬದಲು ಮನೆಯಲ್ಲಿ ನಡೆಯುವುದನ್ನು ಕಣ್ಣೆದುರು ನಡೆಸುವುದು, ಅಲ್ಲೇ ತಿದ್ದುವುದು.

ಅರ್ಜೆಂಟೀನಾದಲ್ಲಿ ಹುಟ್ಟಿದ ಮಿನುಚಿನ್ ನ್ಯೂಯಾರ್ಕಿನ ಬಡ ಮಕ್ಕಳ ವಸತಿಶಾಲೆಯಲ್ಲಿ ಇದನ್ನು ಕಲಿತು, ಫಿಲಡೆಲ್ಫಿಯಾ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ನಲ್ಲಿ ಬೆಳೆಸಿದರು. ಊಟ ಬಿಟ್ಟ ಅನೊರೆಕ್ಸಿಯಾ ಮಕ್ಕಳ ಕುಟುಂಬಕ್ಕೆ ಸೆಷನ್‌ನಲ್ಲೇ ಊಟ ತರಿಸಿ, ಅಪ್ಪ ಅಮ್ಮ ಹೇಗೆ ತಿನ್ನಿಸುತ್ತಾರೆ ಎಂದು ನೋಡುತ್ತಿದ್ದರು. 1974ರ ಅವರ 'ಫ್ಯಾಮಿಲೀಸ್ ಅಂಡ್ ಫ್ಯಾಮಿಲಿ ಥೆರಪಿ' ಓದಿ. ಒಂದು ಎಚ್ಚರಿಕೆ: ಅವರ 'ಎನ್‌ಮೆಶ್ಡ್' (ಒಬ್ಬರಲ್ಲೊಬ್ಬರು ಸಿಕ್ಕಿಕೊಂಡವರು) ಎಂಬ ಮೊಹರನ್ನು ನಮ್ಮ ಕೂಡು ಕುಟುಂಬಗಳ ಮೇಲೆ ಒತ್ತುತ್ತಾ ಹೋಗಬೇಡಿ. ಅಜ್ಜಿ ಮೊಮ್ಮಗನಿಗೆ ತುತ್ತು ಕೊಟ್ಟರೆ ಅದು ಲಕ್ಷಣವಲ್ಲ. ಅಪ್ಪ ಅಮ್ಮ ತೀರ್ಮಾನಿಸಿದ್ದನ್ನು ಅಜ್ಜಿ ದಿನಾ ರದ್ದು ಮಾಡುತ್ತಿದ್ದರೆ ಆಗ ನೋಡಬೇಕು.

5. ಹೋಮ್‌ವರ್ಕ್ ಕೊಡಿ, ಬುದ್ಧಿವಂತಿಕೆ ತೋರಿಸಬೇಡಿ.

ಸ್ಟ್ರಾಟೆಜಿಕ್ ಥೆರಪಿಯ ಜೇ ಹೇಲಿ ಹೇಳಿದ್ದು ಸರಳ: ಸೆಷನ್ ಮುಗಿದಾಗ ಮನೆಗೆ ಒಂದು ಕೆಲಸ ಹೋಗಬೇಕು. ಯಾರು, ಯಾವಾಗ, ಎಲ್ಲಿ ಎಂಬುದು ಅದರಲ್ಲಿರಲಿ. "ಪ್ರೀತಿಯಿಂದ ಇರಿ" ಅನ್ನುವುದು ಕೆಲಸವಲ್ಲ. "ಮಂಗಳವಾರ ರಾತ್ರಿ ಊಟವಾದ ಮೇಲೆ ಅಪ್ಪ ಮಗ ಇಬ್ಬರೂ ಬೈಕ್ ತೊಳೆಯಿರಿ, ಕಾಲೇಜಿನ ಸುದ್ದಿ ತೆಗೆಯಬೇಡಿ" ಅನ್ನುವುದು ಕೆಲಸ. ಹೇಲಿಗೆ ಹೆಸರು ತಂದ ಪ್ಯಾರಡಾಕ್ಸ್ ತಂತ್ರವನ್ನು, ಅಂದರೆ ಲಕ್ಷಣವನ್ನೇ ಮುಂದುವರಿಸಿ ಎಂದು ಹೇಳುವುದನ್ನು, ಸೂಪರ್‌ವೈಸರ್ ಪಕ್ಕದಲ್ಲಿಲ್ಲದೆ ಮುಟ್ಟಬೇಡಿ. ಆತ್ಮಹತ್ಯೆಯ ಮಾತು ಬಂದ ಕೇಸಿನಲ್ಲಂತೂ ಯಾವತ್ತೂ ಬೇಡ.

6. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳಿ.

ಹುಡುಗನಿಗೆ "ಯಾಕೆ ಕಾಲೇಜಿಗೆ ಹೋಗಲ್ಲ?" ಎಂದು ಎಲ್ಲರೂ ಕೇಳಿಯಾಗಿದೆ. ನೀವು ಅಜ್ಜಿಯನ್ನು ಕೇಳಿ: "ಇವನು ಹೋಗದೆ ಮಲಗಿದ ದಿನ ಮನೆಯಲ್ಲಿ ಹೆಚ್ಚು ಬೇಜಾರಾಗುವುದು ಯಾರಿಗೆ? ಆಮೇಲೆ ಯಾರಿಗೆ?" ಹುಡುಗನನ್ನು ಕೇಳಿ: "ಅಮ್ಮ ಅತ್ತರೆ ಅಪ್ಪ ಏನು ಮಾಡುತ್ತಾರೆ?" ಅಪ್ಪನನ್ನು ಕೇಳಿ: "ನಾಳೆಯಿಂದ ಇವನು ಸರಿಯಾಗಿ ಕಾಲೇಜಿಗೆ ಹೋದರೆ ನೀವಿಬ್ಬರೂ ಮಾತಾಡುವುದಕ್ಕೆ ಏನು ಉಳಿಯುತ್ತದೆ?" ಕೊನೆಯ ಪ್ರಶ್ನೆಗೆ ಕೊಠಡಿ ಸುಮ್ಮನಾಗುತ್ತದೆ. ನೀವೂ ಸುಮ್ಮನಿರಿ.

ಈ ಸರ್ಕ್ಯುಲರ್ ಕ್ವೆಶ್ಚನಿಂಗ್ ಇಟಲಿಯ ಮಿಲಾನ್ ತಂಡದ ಕೊಡುಗೆ: ಮಾರಾ ಸೆಲ್ವಿನಿ ಪಲಾಜೋಲಿ, ಬೊಸ್ಕೊಲೊ, ಚೆಕ್ಕಿನ್, ಪ್ರಾಟಾ. ಕೆಲವರು ಕೊಠಡಿಯೊಳಗೆ, ಉಳಿದವರು ಒನ್-ವೇ ಮಿರರ್ ಹಿಂದೆ. ದೂರದ ಊರುಗಳಿಂದ ಕುಟುಂಬಗಳು ಬರುತ್ತಿದ್ದುದರಿಂದ ಸೆಷನ್‌ಗಳ ನಡುವೆ ಸುಮಾರು ಒಂದು ತಿಂಗಳ ಅಂತರವಿಟ್ಟರು. ಬದಲಾವಣೆ ಮನೆಯಲ್ಲಿ ಇಳಿಯಲು ಅಷ್ಟು ಸಮಯ ಒಳ್ಳೆಯದೇ ಎಂದು ಆಮೇಲೆ ಗೊತ್ತಾಯಿತು. ವಾರಕ್ಕೊಂದು ಸಲ ಬರಲಾಗದ ಕುಟುಂಬಗಳನ್ನು ನೋಡುವ ನಿಮಗೆ ಇದು ಧೈರ್ಯದ ವಿಷಯ. ಹೈಪಾಥಿಸಿಸ್, ಸರ್ಕ್ಯುಲಾರಿಟಿ, ನ್ಯೂಟ್ರಾಲಿಟಿ ಕುರಿತ ಅವರ 1980ರ ಲೇಖನ ಹುಡುಕಿ ಓದಿ. ಸೆಷನ್‌ಗೆ ಮುಂಚೆ ಒಂದು ಹೈಪಾಥಿಸಿಸ್ ಬರೆದಿಟ್ಟುಕೊಳ್ಳಿ. ಅದು ಸುಳ್ಳಾದರೆ ಖುಷಿಯಿಂದ ಹೊಡೆದುಹಾಕಿ.

7. ಮಾತಿನ ಹಿಂದಿನ ಭಂಗಿ ಗುರುತಿಸಿ.

ವರ್ಜೀನಿಯಾ ಸಟೀರ್ ಒತ್ತಡದಲ್ಲಿ ಜನ ಹಿಡಿಯುವ ನಾಲ್ಕು ಭಂಗಿ ಹೇಳಿದರು: ಎಲ್ಲದಕ್ಕೂ ಹೂಂಗುಟ್ಟುವವರು, ಬೆರಳು ತೋರಿಸುವವರು, ಬರೀ ಲಾಜಿಕ್ ಮಾತಾಡುವವರು, ವಿಷಯ ತಪ್ಪಿಸುವವರು. ಮಾತು ಕಟ್ಟಿಹೋದಾಗ ಸ್ಕಲ್ಪ್ಟಿಂಗ್ ಮಾಡಿಸಿ. ಮನೆಯವರನ್ನು ತನಗನ್ನಿಸಿದ ಹಾಗೆ ಕೊಠಡಿಯಲ್ಲಿ ನಿಲ್ಲಿಸಲು ಹುಡುಗನಿಗೇ ಹೇಳಿ. ಒಂದು ಗಂಟೆ ಮಾತಾಡದವನು ಒಂದು ನಿಮಿಷದಲ್ಲಿ ಅಪ್ಪನನ್ನು ಬಾಗಿಲಾಚೆ ನಿಲ್ಲಿಸುತ್ತಾನೆ.

8. ನಂಬರ್ ಕೇಳಿ.

"ಸೊನ್ನೆ ಅಂದರೆ ತೀರಾ ಕೆಟ್ಟ ದಿನ, ಹತ್ತು ಅಂದರೆ ಸಮಸ್ಯೆಯೇ ಇಲ್ಲ. ಇವತ್ತು ಎಷ್ಟು?" ಹುಡುಗ "ಮೂರು" ಅಂದರೆ ಏಳು ಯಾಕೆ ಕಡಿಮೆ ಎಂದು ಕೇಳಬೇಡಿ. "ಸೊನ್ನೆ ಆಗದ ಹಾಗೆ ಹೇಗೆ ನೋಡಿಕೊಂಡೆ? ನಾಲ್ಕಾದರೆ ಮೊದಲು ಯಾರಿಗೆ ಗೊತ್ತಾಗುತ್ತೆ?" ಎಂದು ಕೇಳಿ. ಮಿಲ್ವಾಕಿಯಲ್ಲಿ 1978ರಲ್ಲಿ ಬ್ರೀಫ್ ಫ್ಯಾಮಿಲಿ ಥೆರಪಿ ಸೆಂಟರ್ ಕಟ್ಟಿದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿಯ ದಾರಿ ಇದು. ಅವರ ಮಿರಾಕಲ್ ಕ್ವೆಶ್ಚನ್ ಕೂಡ ಕಲಿಯಿರಿ: ರಾತ್ರಿ ನೀವೆಲ್ಲ ಮಲಗಿದ್ದಾಗ ಸಮಸ್ಯೆ ಮಾಯವಾಯಿತು ಅಂತಿಟ್ಟುಕೊಳ್ಳಿ, ಬೆಳಿಗ್ಗೆ ಎದ್ದಾಗ ಅದು ಯಾವುದರಿಂದ ಗೊತ್ತಾಗುತ್ತದೆ? ಟೈಮ್ ಕಡಿಮೆ ಇರುವ ಒಪಿಡಿಗೆ ಇದಕ್ಕಿಂತ ಚುರುಕಾದ ಉಪಾಯ ನನಗೆ ಗೊತ್ತಿಲ್ಲ.

9. ಸಮಸ್ಯೆಯನ್ನು ಹುಡುಗನಿಂದ ಬಿಡಿಸಿ ಪಕ್ಕಕ್ಕೆ ಕೂರಿಸಿ.

ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೈಕೆಲ್ ವೈಟ್ ಬಟ್ಟೆಯಲ್ಲೇ ಕಕ್ಕ ಮಾಡಿಕೊಳ್ಳುವ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದರು. ಮಗುವನ್ನು ಗದರುವ ಬದಲು ಆ ತೊಂದರೆಗೇ 'ಸ್ನೀಕಿ ಪೂ' ಎಂದು ಹೆಸರಿಟ್ಟು, ಮನೆಯವರೆಲ್ಲ ಸೇರಿ ಅದನ್ನು ಸೋಲಿಸುವ ಹಾಗೆ ಮಾಡಿದರು. ಹೀಗೆ ಬೆಳೆದ ನರೇಟಿವ್ ಥೆರಪಿಯನ್ನು ಅವರೂ ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಅವರೂ 1990ರ ಪುಸ್ತಕದಲ್ಲಿ ವಿವರಿಸಿದರು. ನಿಮ್ಮ ಹುಡುಗನನ್ನು ಕೇಳಿ: ಬೆಳಿಗ್ಗೆ ಎದೆಯ ಮೇಲೆ ಕೂರುವ ಅದಕ್ಕೆ ಏನು ಹೆಸರಿಡುತ್ತೀಯ? ಅವನು "ಕಲ್ಲು" ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಅಪ್ಪನ ಪ್ರಶ್ನೆಯೂ ಬದಲಾಗಬೇಕು: "ಇವತ್ತು ಕಲ್ಲು ಎಷ್ಟು ಹೊತ್ತಿಗೆ ಬಂತು?" ಎಪ್ಸ್ಟನ್ ಸೆಷನ್ ಆದ ಮೇಲೆ ಕುಟುಂಬಕ್ಕೆ ಪತ್ರ ಬರೆಯುತ್ತಿದ್ದರು. ನೀವೂ ಹತ್ತು ಸಾಲು ಬರೆದು ಕೊಡಿ. ಮನೆಗೆ ಹೋದ ಮೇಲೂ ಉಳಿಯುವುದು ಅದು.

10. ಕಾಯಿಲೆ ಇದ್ದರೆ ಕಾಯಿಲೆ ಎಂದೇ ಹೇಳಿ.

ಹುಡುಗನಿಗೆ ಯಾರೋ ಮಾತಾಡಿದ್ದು ಕೇಳಿಸುತ್ತಿದೆಯೇ? ಹಾಗಿದ್ದರೆ ಮೇಲಿನದ್ದೆಲ್ಲ ಸ್ವಲ್ಪ ಪಕ್ಕಕ್ಕೆ. ಮೊದಲು ಸೈಕಿಯಾಟ್ರಿಸ್ಟ್, ಔಷಧಿ, ಜೊತೆಗೆ ಸೈಕೋಎಜುಕೇಷನ್. ಮನೆಯಲ್ಲಿ ಟೀಕೆ, ಹಗೆತನ, ಅತಿಯಾದ ಆತಂಕದ ಕಾಳಜಿ ಹೆಚ್ಚಿದ್ದರೆ ಸ್ಕಿಜೋಫ್ರೇನಿಯಾ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ 1976ರಲ್ಲಿ ತೋರಿಸಿದರು. ಇದಕ್ಕೆ ಎಕ್ಸ್‌ಪ್ರೆಸ್ಡ್ ಎಮೋಷನ್ (ಇಇ) ಎಂದು ಹೆಸರು. ಚಂಡೀಗಢದಲ್ಲಿ ಅದನ್ನೇ ಅಳೆದಾಗ ಹೈ-ಇಇ ಸಂಬಂಧಿಕರು ಲಂಡನ್ನಿಗಿಂತ ಕಡಿಮೆ ಸಿಕ್ಕರು. ಕುಟುಂಬವನ್ನು ಚಿಕಿತ್ಸೆಗೆ ಸೇರಿಸಿಕೊಳ್ಳುವುದು ನಮಗೆ ಆಮದು ಮಾಲೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನು ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್‌ನಲ್ಲಿ ಕುಟುಂಬ ಸಮೇತ ಅಡ್ಮಿಟ್ ಆಗಿ ಥೆರಪಿ ಪಡೆಯಬಹುದು. ಅಲ್ಲಿ ಪೋಸ್ಟಿಂಗ್ ಸಿಗುವ ಅವಕಾಶ ಬಂದರೆ ಬಿಡಬೇಡಿ.

11. ಒಟ್ಟಿಗೆ ಕೂರಿಸಬಾರದ ಕೇಸ್ ಗುರುತಿಸಿ.

ಗಂಡ ಹೆಂಡತಿ ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಕಾಣಿ. ಹೊಡೆತವಿದೆಯೇ ಎಂದು ನೇರವಾಗಿ ಕೇಳಿ. ಇದ್ದರೆ ಜಾಯಿಂಟ್ ಸೆಷನ್ ನಿಲ್ಲಿಸಿ. ಇಲ್ಲಿ ಆಡಿದ ಮಾತಿಗೆ ಆಕೆ ಮನೆಯಲ್ಲಿ ಪೆಟ್ಟು ತಿನ್ನಬೇಕಾದೀತು. "ಎಲ್ಲರೂ ಸುತ್ತಿನ ಭಾಗ" ಎಂಬ ಥಿಯರಿ ಇಲ್ಲಿ ಹೊಡೆಯುವವನಿಗೆ ಸೌಕರ್ಯವಾಗುತ್ತದೆ. ಈ ಕ್ಷೇತ್ರ ಹೆಣ್ಣಿನ ಸ್ಥಾನವನ್ನು ಗಮನಿಸುತ್ತಿಲ್ಲ ಎಂದು ರೇಚಲ್ ಹೇರ್-ಮಸ್ಟಿನ್ 1978ರಲ್ಲೇ ಎಚ್ಚರಿಸಿದ್ದರು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಓದಿಕೊಳ್ಳಿ, 181 ಸಹಾಯವಾಣಿ ನಂಬರ್ ಗೋಡೆಗೆ ಅಂಟಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಪ್ರಕಾರ ವರದಿ ಮಾಡುವುದು ಕಡ್ಡಾಯ.

ಒಬ್ಬರೇ ಬಂದು ಹೇಳಿದ ಗುಟ್ಟನ್ನು ನೀವು ಏನು ಮಾಡುತ್ತೀರಿ ಎಂಬ ರೂಲ್ ಕೂಡ ಮೊದಲ ದಿನವೇ ಹೇಳಿ. ಇಲ್ಲದಿದ್ದರೆ ರಾತ್ರಿ ಫೋನ್ ಬರುತ್ತದೆ: "ಮೇಡಂ, ನಿಮಗೊಬ್ಬರಿಗೇ ಹೇಳ್ತಿದ್ದೀನಿ, ಅವರಿಗೆ ಗೊತ್ತಾಗಬಾರದು." ಅಲ್ಲಿಗೆ ನೀವು ಟ್ರಯಾಂಗಲ್‌ನೊಳಗೆ.

12. ವೈವಾದ ಉತ್ತರವನ್ನು ಕೇಸಿನಲ್ಲೇ ಕೊಡಿ.

"ಸ್ಟ್ರಕ್ಚರಲ್‌ಗೂ ಸ್ಟ್ರಾಟೆಜಿಕ್‌ಗೂ ಏನು ವ್ಯತ್ಯಾಸ?" ಬಂದೇ ಬರುವ ಪ್ರಶ್ನೆ. ಡೆಫಿನಿಷನ್ ಒಪ್ಪಿಸಬೇಡಿ. ಹೀಗೆ ಹೇಳಿ: "ಸರ್, ಹೇಲಿ ಫಿಲಡೆಲ್ಫಿಯಾದಲ್ಲಿ ಮಿನುಚಿನ್ ಜೊತೆ ಕೆಲಸ ಮಾಡಿದವರು, ಹಾಗಾಗಿ ಇಬ್ಬರೂ ಮನೆಯ ಹೈರಾರ್ಕಿ ನೋಡುತ್ತಾರೆ. ನನ್ನ ಪಿಯುಸಿ ಕೇಸಿನಲ್ಲಿ ಮಿನುಚಿನ್ ಅಪ್ಪ ಅಮ್ಮನನ್ನು ಎದುರುಬದುರು ಕೂರಿಸಿ ಕೊಠಡಿಯಲ್ಲೇ ಗಡಿ ಗಟ್ಟಿ ಮಾಡುತ್ತಿದ್ದರು. ಹೇಲಿ ಮಂಗಳವಾರ ರಾತ್ರಿಯ ಬೈಕ್ ಕೆಲಸ ಕೊಟ್ಟು ಕಳಿಸುತ್ತಿದ್ದರು." ಮುಂದಿನ ಪ್ರಶ್ನೆ ಜೀನೋಗ್ರಾಮ್ ಮೇಲೆ ಬರುತ್ತದೆ. ಶೀಟ್ ಕೈಯಲ್ಲಿರಲಿ, ಪೆನ್ಸಿಲ್ ಕೂಡ.