ಮಗುವಿಗೆ ತಾಳ್ಮೆ, ದೊಡ್ಡವರಿಗೆ ಅವಸರ

ಚಿಕನ್‌ಪಾಕ್ಸ್ ಮಕ್ಕಳ ಕಾಯಿಲೆ, ವಾರ ಹತ್ತು ದಿನ ಕಾದರೆ ತಾನೇ ಇಳಿಯುತ್ತದೆ ಎಂಬ ಮಾತಿನಲ್ಲಿ ಅರ್ಧ ನಿಜವಿದೆ. ದೊಡ್ಡವರನ್ನು ಕಷ್ಟಕ್ಕೆ ತಳ್ಳುವುದು ಆ ಅರ್ಧ ನಿಜವೇ ಎಂಬುದು ಈ ರೋಗದ ಬಗ್ಗೆ ನಾನು ಕಲಿತ ಮುಖ್ಯ ಪಾಠ. ಆರೋಗ್ಯವಾಗಿರುವ ಮಗುವಿಗೆ ಸಾಮಾನ್ಯವಾಗಿ ಬೇಕಾಗುವುದು ಜ್ವರಕ್ಕೆ ಪ್ಯಾರಾಸಿಟಮಾಲ್, ತುರಿಕೆಗೆ ಕ್ಯಾಲಮೈನ್, ಕತ್ತರಿಸಿದ ಉಗುರು, ಸಾಕಷ್ಟು ನೀರು. (ಆಸ್ಪಿರಿನ್ ಮಾತ್ರ ಕೊಡಲೇಬಾರದು, ಮಿದುಳಿಗೂ ಯಕೃತ್ತಿಗೂ ಪೆಟ್ಟು ಕೊಡುವ ರೈ ಸಿಂಡ್ರೋಮ್ ಬರಬಹುದು. ಐಬುಪ್ರೊಫೆನ್ ಕೂಡ ಬೇಡ.) ಅದೇ ವೈರಸ್ ದೊಡ್ಡವರಲ್ಲಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಲ್ಲದು; ಬೀಡಿ ಸಿಗರೇಟು ಸೇದುವವರು, ಗರ್ಭಿಣಿಯರು, ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಅಪಾಯ ಇನ್ನೂ ಹೆಚ್ಚು. ಲಸಿಕೆ ಬರುವ ಮುಂಚೆ ಚಳಿದೇಶಗಳಲ್ಲಿ ಈ ರೋಗ ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ಬಂದು ಹೋಗುತ್ತಿತ್ತು. ನಮ್ಮಂಥ ಬಿಸಿಲುನಾಡುಗಳಲ್ಲಿ ಅದು ಬಾರದೆಯೇ ದೊಡ್ಡವರಾಗುವವರು ಹೆಚ್ಚು.

ಅವಸರ ಮಾಡಬೇಕಾದರೆ ಮೊದಲು ಗುರುತು ಹಿಡಿಯಬೇಕು. ಎದೆ, ಬೆನ್ನು, ಮುಖದಲ್ಲಿ ಎದ್ದ ಕೆಂಪು ಚುಕ್ಕೆ ಬೇಗನೆ ನೀರುಗುಳ್ಳೆಯಾಗುತ್ತದೆ. ಎರಡು ಮೂರು ದಿನಕ್ಕೆ ಒಂದೇ ಬೆನ್ನಿನ ಮೇಲೆ ಹೊಸ ಚುಕ್ಕೆ, ತುಂಬಿದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಕಂಡರೆ ಅನುಮಾನ ಉಳಿಯುವುದು ಕಡಿಮೆ. ಆದರೆ ದೊಡ್ಡವರು ಅಷ್ಟು ದಿನ ಕಾಯುವಂತಿಲ್ಲ. ವೈರಸ್ ತಡೆಯುವ ಅಸೈಕ್ಲೋವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಗುಳ್ಳೆ ಎದ್ದ 24 ಗಂಟೆಯೊಳಗೆ ಶುರು ಮಾಡಿದರೆ. ‘ನಾಳೆ ನೋಡೋಣ’ ಎಂದರೆ ಆ ನಾಳೆಗೆ ಮಾತ್ರೆಯ ಬಲ ಕುಗ್ಗಿರುತ್ತದೆ.

‘ಅಮ್ಮ’ ಬಂದಾಗ, ಎಂದರೆ ಚಿಕನ್‌ಪಾಕ್ಸ್ ಆದಾಗ, ಔಷಧಿ ಕೊಡಬಾರದು, ಗುಳ್ಳೆ ಒಳಗೇ ಉಳಿಯುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಲಾರೆ. ಅದೇ ನಂಬಿಕೆಯಲ್ಲಿ ಬಾಗಿಲಿಗೆ ಕಟ್ಟಿದ ಬೇವಿನ ಸೊಪ್ಪು ‘ಒಳಗೆ ಬರಬೇಡಿ’ ಎಂಬ ಫಲಕವೂ ಹೌದು. ಎಲ್ಲ ಗುಳ್ಳೆಗಳೂ ಹಕ್ಕಳೆಗಟ್ಟುವವರೆಗೆ ದೂರವಿರಿ ಎಂದೇ ವೈದ್ಯರೂ ಹೇಳುತ್ತಾರೆ. ಆದರೆ ಔಷಧಿ ಬೇಡವೆಂಬ ಮಾತು, ಅಮ್ಮನೆಂದೇ ಕರೆಯುತ್ತಿದ್ದ ಸಿಡುಬಿಗೆ ಮದ್ದೇ ಇಲ್ಲದ ಕಾಲಕ್ಕೆ ಹೊಂದುವಂಥದ್ದು, ಆ ಸಿಡುಬು 1975ರಲ್ಲೇ ಭಾರತದಿಂದ ಕಾಲ್ತೆಗೆಯಿತು. ಮಾತ್ರೆ ವೈರಸ್ಸನ್ನು ಒಳಗೆ ತಳ್ಳುವುದಿಲ್ಲ, ಅದು ಹೆಚ್ಚುವುದನ್ನು ತಡೆಯುತ್ತದೆ. ಸ್ನಾನ ಬಿಡಿಸುವುದೂ ಸರಿಯಲ್ಲ. ಕೊಳೆ ಉಗುರಿನಿಂದ ಕೆರೆದ ಗುಳ್ಳೆ ಕೀವುಗಟ್ಟಬಹುದು.

ಮಕ್ಕಳಿಗೆ ಬಂದು ಹೋಗಲಿ, ಲಸಿಕೆ ಯಾಕೆ ಎನ್ನುವವರೂ ಇದ್ದಾರೆ. ಬಂದದ್ದು ಪೂರ್ತಿ ಹೋಗುವುದಿಲ್ಲ. ನರಗಳಲ್ಲಿ ಅಡಗಿ ಕುಳಿತು ದಶಕಗಳ ಮೇಲೆ ಸರ್ಪಸುತ್ತಾಗಿ ಏಳಬಹುದು. ಜಪಾನಿನ ಮಿಚಿಯಾಕಿ ತಾಕಾಹಾಶಿ 1974ರಲ್ಲೇ ಲಸಿಕೆ ಕೊಟ್ಟಿದ್ದರೂ ನಮ್ಮಲ್ಲಿ ಅದನ್ನು ಹೆಚ್ಚಿನವರು ಸ್ವಂತ ದುಡ್ಡಿನಲ್ಲೇ ಹಾಕಿಸಬೇಕು, ಆ ದೂರು ನ್ಯಾಯವಾದದ್ದು. ಆದರೂ ತಡಮಾಡುವಂತಿಲ್ಲ, ಬೇವಿನ ಸೊಪ್ಪು ಕಟ್ಟುವ ಒಂದೆರಡು ದಿನ ಮುಂಚೆಯೇ ರೋಗ ಹರಡಲು ತೊಡಗಿರುತ್ತದೆ. ಹಾಗಾಗಿ ಮನೆಯಲ್ಲಿ ಮೊದಲ ಗುಳ್ಳೆ ಕಂಡ ದಿನವೇ, ಹಿಂದೆ ಬಾರದಿದ್ದ ದೊಡ್ಡವರು ಲಸಿಕೆ ಕೇಳಬೇಕು, ಮೂರರಿಂದ ಐದು ದಿನದೊಳಗೆ ಹಾಕಿಸಿದರೆ ಉಪಯೋಗವುಂಟು. ಗರ್ಭಿಣಿಗೆ ಆ ಲಸಿಕೆ ಕೊಡುವಂತಿಲ್ಲ. ಆಕೆ ಗುಳ್ಳೆ ಏಳಲೆಂದು ಕಾಯದೆ ಅಂದೇ ವೈದ್ಯರಿಗೆ ಫೋನು ಮಾಡಬೇಕು.