ಕಾಮಣಿ: ಬಣ್ಣ ಒಂದು, ಬೇನೆ ಹಲವು

'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ' ಎಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಚೆನ್ನಾಗಿ ವಿಸ್ತರಿಸಿ ಬರೆಯುತ್ತಾರೆ. ನೀತಿಯ ಮಾತಾಗಿ ಅದು ಒಳ್ಳೆಯದೇ. ವೈದ್ಯಶಾಸ್ತ್ರದ ಮಾತಾಗಿ ಮಾತ್ರ ಸುಳ್ಳು. ಕಾಮಾಲೆಯಾದವನಿಗೆ ಲೋಕವು ಹಳದಿಯಾಗಿ ಕಾಣಿಸುವದಿಲ್ಲ. ಲೋಕಕ್ಕೆ ಅವನು ಹಳದಿಯಾಗಿ ಕಾಣಿಸುತ್ತಾನೆ. ಆ ಹಳದಿ ಎಲ್ಲಿಂದ ಬಂದಿತು, ಏಕೆ ಬಂದಿತು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ನಮ್ಮ ಮನೆಗಳಲ್ಲಿ ಇದಕ್ಕೆ ಕಾಮಣಿ ಎನ್ನುತ್ತಾರೆ; ನೆರೆಯ ಮರಾಠಿಯವರು ಕಾವೀಳ ಎನ್ನುತ್ತಾರೆ; ತೆಲುಗರದು ಪಚ್ಚಕಾಮೆರ್ಲು, ತಮಿಳರದು ಮಂಜಳ್ ಕಾಮಾಲೈ. ಹೆಸರು ಯಾವದೇ ಇರಲಿ, ಎಲ್ಲರೂ ಅದನ್ನು ಒಂದು ರೋಗವೆಂದೇ ಎಣಿಸುತ್ತಾರೆ. ನಿಜವಾಗಿ ಅದು ರೋಗವಲ್ಲ, ರೋಗದ ಚಿಹ್ನೆ. ಜ್ವರವು ಹೇಗೆ ಹತ್ತು ಬೇನೆಗಳಲ್ಲಿ ಬರುವದೋ ಹಾಗೆಯೇ ಕಾಮಣಿಯೂ ಬೇರೆ ಬೇರೆ ಬೇನೆಗಳಲ್ಲಿ ಕಾಣಿಸಿಕೊಳ್ಳುವದು. ಈ ಒಂದು ಮಾತು ಪಾಲಕರ ಮನಸ್ಸಿನಲ್ಲಿ ನಿಂತರೆ ಎಷ್ಟೋ ಜೀವಗಳು ಉಳಿದಾವು.

ಆಟದಲ್ಲಿ ಬಿದ್ದು ಮೊಳಕಾಲಿಗೆ ಪೆಟ್ಟಾದಾಗ ಆ ಜಾಗವು ಮೊದಲು ಕಪ್ಪುನೀಲಿಯಾಗಿ, ಕೆಲವು ದಿನಗಳಲ್ಲಿ ಹಸುರಾಗಿ, ಕೊನೆಗೆ ಹಳದಿಯಾಗಿ ಮಾಯುವದನ್ನು ನೀವು ನೋಡಿರಬಹುದು. ಅಲ್ಲಿ ಚರ್ಮದ ಕೆಳಗೆ ಸೋರಿದ ರಕ್ತವು ಕರಗುತ್ತಿರುತ್ತದೆ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಒಡೆದು ಮೊದಲು ಹಸುರು ವಸ್ತುವಾಗುವದು, ಆಮೇಲೆ ಬಿಲಿರುಬಿನ್ ಎಂಬ ಹಳದಿ ವಸ್ತುವಾಗುವದು. ಇದೇ ಕೆಲಸವು ನಮ್ಮ ದೇಹದಲ್ಲಿ ಹಗಲಿರುಳೂ ನಡೆದಿದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಮುದಿಯಾದ ಕಣಗಳು ಒಡೆಯುತ್ತವೆ. ಅವುಗಳಿಂದ ಹುಟ್ಟಿದ ಬಿಲಿರುಬಿನ್ ರಕ್ತದೊಡನೆ ಯಕೃತ್ತಿಗೆ ಹೋಗುವದು. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದಲ್ಲಿ ಬೆರೆಸಿ, ನಾಳದ ದಾರಿಯಿಂದ ಕರುಳಿಗೆ ಕಳಿಸುವದು. ಮಲಕ್ಕೆ ಕಂದು ಬಣ್ಣ ಬರುವದು ಇದರಿಂದಲೇ. ಆರೋಗ್ಯವಂತನ 100 ಮಿಲಿಲೀಟರ್ ರಕ್ತದಲ್ಲಿ ಬಿಲಿರುಬಿನ್ ಸುಮಾರು 1 ಮಿಲಿಗ್ರಾಮಿನೊಳಗೆ ಇರುವದು. ಅದು 2-3 ಮಿಲಿಗ್ರಾಮಿಗೆ ಏರಿದಾಗ ಕಣ್ಣಿನ ಬಿಳಿಭಾಗವು ಹಳದಿಯಾಗತೊಡಗುವದು.

ಹಾಗಾದರೆ ಈ ಏರಿಕೆಗೆ ಮೂರು ಎಡೆಗಳುಂಟು. ಯಕೃತ್ತಿಗೆ ಮುಟ್ಟುವ ಮೊದಲೇ ರಕ್ತಕಣಗಳು ಅತಿಯಾಗಿ ಒಡೆಯಬಹುದು, ಯಕೃತ್ತೇ ಕೆಡಬಹುದು, ಯಕೃತ್ತು ತನ್ನ ಕೆಲಸ ಮಾಡಿದರೂ ಮುಂದಿನ ದಾರಿ ಕಟ್ಟಬಹುದು. ಬಣ್ಣ ಒಂದೇ, ಬೇನೆ ಮಾತ್ರ ಬೇರೆ. ಚರಕಸಂಹಿತೆಯೂ ಕಾಮಲೆಯಲ್ಲಿ ಭೇದಗಳನ್ನು ಹೇಳಿ, ದಾರಿ ಕಟ್ಟಿದ ಬಗೆಯಲ್ಲಿ ಮಲವು ಅರೆದ ಎಳ್ಳಿನ ಹಿಟ್ಟಿನಂತೆ ಬಿಳಿಚುವದೆಂದು ಗುರುತಿಸಿದೆ. ಪ್ರಾಚೀನರಿಗೆ ಕಂಡ ಈ ಭೇದವನ್ನು ಅವರ ಹೆಸರು ಹೇಳಿ ಔಷಧ ಕೊಡುವವರಲ್ಲಿ ಅನೇಕರು ಮರೆತಿರುವದು ವಿಷಾದದ ಸಂಗತಿ.

ಮೊದಲನೆಯ ಬಗೆ ಮಲೇರಿಯದಲ್ಲಿ ಬರಬಹುದು. ಹುಟ್ಟಿನಿಂದ ಬರುವ ಕೆಲವು ರಕ್ತದೋಷಗಳಲ್ಲಿಯೂ ಬರುವದು. ಸಿಕಲ್ ಸೆಲ್ ಎಂಬ ರೋಗದಲ್ಲಿ ರಕ್ತಕಣಗಳು ಕುಡಗೋಲಿನಂತೆ ಬಾಗಿ ಬೇಗ ಒಡೆಯುತ್ತವೆ. ಭಾರತದಲ್ಲಿ ಇದು ಮೊದಲು ಗೊತ್ತಾದದ್ದು 1952ರಲ್ಲಿ, ನೀಲಗಿರಿಯ ಗಿರಿಜನರಲ್ಲಿ. ಈ ಬಗೆಯ ಕಾಮಣಿಯಲ್ಲಿ ಹಳದಿಗಿಂತ ಹೆಚ್ಚಾಗಿ ಬಿಳಿಚಿಕೆಯೂ ಆಯಾಸವೂ ಎದ್ದು ಕಾಣುವವು.

ನಮ್ಮ ಸೀಮೆಯ ಮಕ್ಕಳಲ್ಲಿ ಹೆಚ್ಚಾಗಿ ಕಾಣುವದು ಎರಡನೆಯ ಬಗೆ, ಅಂದರೆ ಯಕೃತ್ತಿಗೆ ವೈರಸ್ ತಗಲಿ ಬರುವ ಕಾಮಣಿ. ವೈರಸ್ಸುಗಳಿಗೆ ಎ, ಬಿ, ಸಿ, ಡಿ, ಇ ಎಂದು ಹೆಸರು. ಇವುಗಳಲ್ಲಿ ಎ ಮತ್ತು ಇ ನೀರು-ಅನ್ನಗಳ ಮೂಲಕ ಬರುತ್ತವೆ. ಸ್ಪಷ್ಟವಾಗಿಯೇ ಹೇಳಬೇಕೆಂದರೆ, ರೋಗಿಯ ಮಲದಲ್ಲಿಯ ವೈರಸ್ಸು ಮತ್ತೊಬ್ಬನ ಬಾಯಿಗೆ ಮುಟ್ಟುವದರಿಂದ ಬರುತ್ತವೆ. ನಳಕ್ಕೆ ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ ಇದರ ಭಯ ಹೆಚ್ಚು. ನೀರು ನಿಂತಾಗ ಕೊಳವೆಯಲ್ಲಿ ಒತ್ತಡವಿರುವದಿಲ್ಲ. ಕೊಳವೆಗೆ ಬಿರುಕಿದ್ದರೆ ಪಕ್ಕದ ಗಟಾರದ ನೀರು ಒಳಗೆ ಇಳಿಯುವದು. ಮರುದಿನ ನಳ ಬಿಟ್ಟ ಕೂಡಲೆ ಅದೇ ಮೊದಲು ನಮ್ಮ ಕೊಡಕ್ಕೆ ಬೀಳುವದು.

1955ರ ಡಿಸೆಂಬರಿನಿಂದ 1956ರ ಜನವರಿಯವರೆಗೆ ದಿಲ್ಲಿಯಲ್ಲಿ ನಡೆದದ್ದು ಇದರ ದೊಡ್ಡ ನಿದರ್ಶನ. ಯಮುನೆಯ ಪ್ರವಾಹವು ಪಾತ್ರ ಬದಲಿಸಿದ್ದರಿಂದ ನಜಫಗಡ ನಾಲೆಯ ಹೊಲಸು ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಎಡೆಗೆ ಬಂದು ಸೇರಿತು. ಅಧಿಕಾರಿಗಳು ಕ್ಲೋರಿನ್ ಹೆಚ್ಚಿಸಿದರು. ವಿಷಮಜ್ವರವೇನೋ ಹೆಚ್ಚಲಿಲ್ಲ, ಆದರೆ ಈ ವೈರಸ್ಸು ಅದಕ್ಕೆ ಜಗ್ಗದೆ ದಾಟಿತು. ಸುಮಾರು 29,300 ಜನರಿಗೆ ಕಾಮಣಿಯಾಯಿತು. ಗರ್ಭಿಣಿಯರ ಪಾಡು ಬಹಳ ಕಷ್ಟವಾಯಿತು. ಆಗ ತೆಗೆದಿಟ್ಟ ರಕ್ತದ ಮಾದರಿಗಳನ್ನು 1980ರ ಹೊತ್ತಿಗೆ ಪರೀಕ್ಷಿಸಿದಾಗ ಅದು ಎ ಅಲ್ಲ, ಬಿ ಅಲ್ಲ ಎಂದು ತಿಳಿಯಿತು. ಇಂದು ಅದನ್ನೇ ಇ ಎನ್ನುತ್ತೇವೆ. ದಿಲ್ಲಿ ದೂರವಾಯಿತೆನ್ನುವವರು ಕೊಲ್ಹಾಪುರ ಜಿಲ್ಹೆಯ ಇಚಲಕರಂಜಿಯನ್ನು ನೆನೆಯಬಹುದು. ಆ ಮಗ್ಗದ ಊರಿನಲ್ಲಿ 2012ರ ಬೇಸಿಗೆಯಲ್ಲಿ ಇದೇ ಇ ವೈರಸ್ಸಿನಿಂದ ಸಾವಿರಾರು ಜನರು ಹಾಸಿಗೆ ಹಿಡಿದರು. ಮಗುವನ್ನು ಹೊತ್ತ ತಾಯಂದಿರಿಗೆ, ಕೊನೆಯ ಮೂರು ತಿಂಗಳಲ್ಲಿ ವಿಶೇಷವಾಗಿ, ಈ ವೈರಸ್ಸು ಮಾರಕವಾಗಬಲ್ಲದು. ಗರ್ಭಿಣಿಯ ಕಣ್ಣು ಹಳದಿಯಾದರೆ ಒಂದು ದಿನವೂ ತಡೆಯದೆ ದೊಡ್ಡ ದವಾಖಾನೆಗೆ ಕರೆದೊಯ್ಯಬೇಕು.

ವೈರಸ್ಸು ಹೊಟ್ಟೆ ಸೇರಿದ ಮೇಲೆ ರೋಗ ತೋರಲು ಎ ಬಗೆಗೆ ಸುಮಾರು ನಾಲ್ಕು ವಾರ, ಇ ಬಗೆಗೆ ಐದಾರು ವಾರ ಹಿಡಿಯುವದು. ಆದುದರಿಂದಲೇ ಜಾತ್ರೆಯಲ್ಲಿ ಕುಡಿದ ನೀರಿಗೂ ತಿಂಗಳ ಮೇಲೆ ಬಂದ ಕಾಮಣಿಗೂ ಇರುವ ನಂಟು ಯಾರಿಗೂ ಹೊಳೆಯುವದಿಲ್ಲ. ಇನ್ನೊಂದು ಮಾತು: ಎ ಬಗೆಯು ತಗಲಿದ ಎಳೆಯ ಮಕ್ಕಳಲ್ಲಿ ಬಹಳಷ್ಟು ಮಕ್ಕಳು ಹಳದಿಯಾಗುವದೇ ಇಲ್ಲ, ಹಳದಿಯಾಗುವವರೂ ಅದಕ್ಕೆ ಮುಂಚಿನ ಒಂದೆರಡು ವಾರಗಳಿಂದಲೇ ರೋಗ ಹರಡುತ್ತಿರುತ್ತಾರೆ. ಹಳದಿ ಕಂಡ ಮೇಲೆ ತಂಬಿಗೆ, ತಾಟು ಬೇರೆ ಮಾಡಿದರೆ ಅರ್ಧ ಕೆಲಸವಷ್ಟೇ ಆದೀತು. ಕುದಿಸಿ ಆರಿಸಿದ ನೀರು, ಶೌಚದ ನಂತರವೂ ಊಟದ ಮೊದಲೂ ಸಾಬೂನಿನಿಂದ ತೊಳೆದ ಕೈ: ಇವು ವರ್ಷವಿಡೀ ಬೇಕು. ಕಾಮಣಿಗೆ ತಂಪೆಂದು ರಸ್ತೆಯ ಬದಿಯ ಕಬ್ಬಿನ ಹಾಲನ್ನು ಹೊಲಸು ಬರ್ಫ ಹಾಕಿಸಿ ತಂದು ಕುಡಿಸುವವರನ್ನು ನಾವು ಕಂಡಿದ್ದೇವೆ. ಬೇನೆಯು ಯಾವ ದಾರಿಯಿಂದ ಬಂದಿತೋ ಆ ದಾರಿಯಲ್ಲಿಯೇ ಔಷಧವನ್ನು ಹುಡುಕಿದಂತಾಯಿತು!

ಎ ಮತ್ತು ಇ ಬಗೆಯ ಕಾಮಣಿಗಳು ವಿಶ್ರಾಂತಿ, ನೀರು, ರುಚಿಸಿದ ಸಾದಾ ಆಹಾರಗಳಿಂದ ಕೆಲವು ವಾರಗಳಲ್ಲಿ ಬಹುತೇಕ ತಾವಾಗಿಯೇ ವಾಸಿಯಾಗುತ್ತವೆ. ಮಾಲೆ ಹಾಕುವವರಿಗೂ ಮಂತ್ರಿಸುವವರಿಗೂ ಕೀರ್ತಿ ಬಂದದ್ದು ಇಲ್ಲಿಂದಲೇ. ತಲೆಯ ಮೇಲಿಟ್ಟ ಕಾಮಣಿಯ ಮಾಲೆಯು ದಿನೇ ದಿನೇ ಉದ್ದವಾಗಿ ಸೊಂಟಕ್ಕೆ ಇಳಿಯುವದನ್ನು ತೋರಿಸಿ 'ರೋಗ ಇಳಿಯಿತು' ಎನ್ನುತ್ತಾರೆ. ಹಸಿ ಕಡ್ಡಿಯ ತುಂಡುಗಳನ್ನು ದಾರದ ಕುಣಿಕೆಯಲ್ಲಿ ಬಿಗಿದು ಆ ಮಾಲೆ ಮಾಡಿರುತ್ತಾರೆ. ಕಡ್ಡಿ ಒಣಗಿ ಸೊರಗಿದಂತೆ ಕುಣಿಕೆ ಸಡಿಲಾಗಿ ಮಾಲೆ ಬೆಳೆಯುವದು; ಕೊರಳಿನ ಬದಲು ಗೂಟಕ್ಕೆ ಹಾಕಿದರೂ ಬೆಳೆಯುವದು. ಸುಣ್ಣದ ತಿಳಿನೀರಿನಲ್ಲಿ ರೋಗಿಯ ಕೈ ತೊಳೆದು, ನೀರು ಹಳದಿಯಾಯಿತೆಂದು ತೋರಿಸುವದು ಇನ್ನೊಂದು ಆಟ. ಕೈಗೆ ಮೊದಲೇ ಮಾವಿನ ತೊಗಟೆಯ ರಸ ಸವರಿದ್ದರೆ ಸುಣ್ಣದ ನೀರು ಹಳದಿಯಾಗುವದು. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುವದಿಲ್ಲವೇ, ಹಾಗೆ. ಮೇಲಿನ ತರಗತಿಯ ವಿದ್ಯಾರ್ಥಿಗಳು ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಬಹುದು.

ತಾನಾಗಿ ವಾಸಿಯಾಗುವ ಬೇನೆಗೆ ಮಾಲೆ ಹಾಕಿದರೆ ಹಣವಷ್ಟೇ ಹೋದೀತು. ಮೂರನೆಯ ಬಗೆಗೆ ಹಾಕಿದರೆ ಪ್ರಾಣಕ್ಕೇ ಬಂದೀತು. ಪಿತ್ತದ ದಾರಿಯಲ್ಲಿ ಕಲ್ಲು ಸಿಕ್ಕಿ, ಅಥವಾ ಗಂಟು ಬೆಳೆದು ನಾಳ ಕಟ್ಟಿದಾಗ ಮೂತ್ರವು ಕಪ್ಪು ಚಹದಂತಾಗುವದು, ಮಲವು ಸುಣ್ಣದಂತೆ ಬಿಳಿಚುವದು, ಮೈಯೆಲ್ಲ ತುರಿಸುವದು. ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ಇಂಥ ಸ್ಥಿತಿಯಲ್ಲಿ ಆರು ವಾರ ಊರೂರು ತಿರುಗಿ ಎಲೆಯ ಮದ್ದು ಸೇವಿಸಿದರು. ಕೊನೆಗೆ ನಡುಗುವ ಜ್ವರ ಬಂದು ಎಚ್ಚರ ತಪ್ಪಿದಾಗ ಸೊಲ್ಲಾಪುರದ ದವಾಖಾನೆಗೆ ಸಾಗಿಸಿದರು. ನಾಳದ ಕಲ್ಲನ್ನು ತೆಗೆದ ಮೇಲೆ ಬದುಕಿದರು. ಹುಡುಗನಿಗೆ ಆ ವರ್ಷದ ಪರೀಕ್ಷೆ ತಪ್ಪಿತು. ಎಲೆಗೆ ಕಲ್ಲು ಕರಗಲಿಲ್ಲ. ಕರಗಿದ್ದು ಆರು ವಾರ. ಹೊಟ್ಟೆಯ ಸೋನೋಗ್ರಾಫಿ ಮತ್ತು ಒಂದೆರಡು ರಕ್ತಪರೀಕ್ಷೆಗಳು ಈ ಭೇದವನ್ನು ಮೊದಲ ದಿನವೇ ಬಹುಮಟ್ಟಿಗೆ ತಿಳಿಸಿಕೊಡುತ್ತಿದ್ದವು.

ವೈರಸ್ಸಿನ ಕಾಮಣಿಯಲ್ಲಿಯೂ ರೋಗಿಯು ಹಗಲು ಮಂಕಾಗಿ ಮಲಗಿ ರಾತ್ರಿ ಎಚ್ಚರವಿದ್ದರೆ, ಅಸಂಬದ್ಧ ಮಾತಾಡಿದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ ಯಕೃತ್ತು ಸೋಲುತ್ತಿದೆಯೆಂದು ತಿಳಿಯಬೇಕು. ಡಾಕ್ಟರರನ್ನು ಕೇಳದೆ ಜ್ವರದ ಗುಳಿಗೆಗಳನ್ನು ಮೇಲಿಂದ ಮೇಲೆ ಕೊಡಬಾರದು. ಅವೂ ಹೆಚ್ಚಾದರೆ ಯಕೃತ್ತಿಗೆ ವಿಷವೇ. ಸಾರಾಯಿಯ ಮಾತನ್ನು ಹೇಳಲೇಬೇಕಿಲ್ಲ.

ಬಿ ಮತ್ತು ಸಿ ಬಗೆಗಳು ನೀರಿನಿಂದ ಬರುವದಿಲ್ಲ. ರಕ್ತದಿಂದ, ಹಲವರಿಗೆ ಬಳಸಿದ ಸೂಜಿಯಿಂದ, ಕ್ಷೌರದ ಬ್ಲೇಡಿನಿಂದ ಹರಡುತ್ತವೆ. ಬಿ ಬಗೆಯು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುವದು. ಇವು ಕಾಮಣಿಯನ್ನೇ ತೋರಿಸದೆ ವರ್ಷಗಟ್ಟಲೆ ಒಳಗೆ ಕುಳಿತು ಯಕೃತ್ತನ್ನು ತಿನ್ನಬಲ್ಲವು. ಬಿ ಬಗೆಗೆ ಲಸಿಕೆಯಿದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಅದರ ಮೊದಲ ಚುಚ್ಚುಮದ್ದನ್ನು ಕೊಡಿಸಬೇಕು. ಸಿ ಬಗೆಗೆ ಲಸಿಕೆಯಿಲ್ಲ. ಆದರೆ ಈಗ ಸಾಮಾನ್ಯವಾಗಿ ಮೂರು ತಿಂಗಳ ಗುಳಿಗೆಗಳಿಂದ ಅದು ವಾಸಿಯಾಗುವದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆಗೆ ಹಣವಿಲ್ಲ.

ಇನ್ನು ಹಸುಗೂಸುಗಳ ವಿಷಯ. ತುಂಬಿದ ದಿನಗಳಿಗೆ ಹುಟ್ಟಿದ ಕೂಸುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಎರಡು-ಮೂರನೆಯ ದಿನ ಹಳದಿಯಾಗಿ ಒಂದೆರಡು ವಾರದಲ್ಲಿ ತಿಳಿಯಾಗುತ್ತವೆ. ಎಳೆಯ ಯಕೃತ್ತು ಇನ್ನೂ ಕೆಲಸ ಕಲಿಯುತ್ತಿರುವದೇ ಕಾರಣ. ಆದರೆ ಹುಟ್ಟಿದ ದಿನವೇ ಬಂದ ಹಳದಿ, ಅಂಗೈ ಅಂಗಾಲಿಗೆ ಇಳಿದ ಹಳದಿ, ಮೊಲೆಯೂಡದ ಕೂಸಿನ ಹಳದಿ ಅಪಾಯದವು. ಬಿಲಿರುಬಿನ್ ಮಿದುಳಿಗೆ ಏರಿದರೆ ಕಿವುಡು, ಅಂಗವೈಕಲ್ಯ ಉಳಿದೀತು. ಇಂಗ್ಲಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ 1956ರ ಸುಮಾರಿಗೆ ವಾರ್ಡ್ ಎಂಬ ದಾದಿಯು ಕೂಸುಗಳನ್ನು ತೋಟದ ಬಿಸಿಲಿಗೆ ಒಯ್ಯುತ್ತಿದ್ದಳು. ಒಂದು ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಭಾಗವಷ್ಟೇ ಹಳದಿಯಾಗಿ ಉಳಿದದ್ದನ್ನು ಆಕೆ ಡಾಕ್ಟರರಿಗೆ ತೋರಿಸಿದಳು. ಅದರಿಂದ ಬೆಳಕಿನ ಚಿಕಿತ್ಸೆ ಹುಟ್ಟಿತು. ಅದಕ್ಕೆ ತಕ್ಕ ನೀಲಿ ದೀಪಗಳು ಇಂದು ಜಿಲ್ಹಾ ದವಾಖಾನೆಗಳಲ್ಲಿವೆ. ಅಂಗಳದ ಎಳೆಬಿಸಿಲಿನಲ್ಲಿ ಕೂಸನ್ನು ಹಿಡಿಯುವದು ಅದಕ್ಕೆ ಸಮನಲ್ಲ. ರಕ್ತದಲ್ಲಿ ಬಿಲಿರುಬಿನ್ ಎಷ್ಟಿದೆಯೆಂದು ಅಳೆದ ಮೇಲೆಯೇ ಕೂಸನ್ನು ದೀಪದ ಕೆಳಗೆ ಇಡಬೇಕೋ ಮನೆಗೆ ಕಳಿಸಬೇಕೋ ಎಂದು ಡಾಕ್ಟರರು ನಿರ್ಧರಿಸುತ್ತಾರೆ.